ವಿದ್ಯಾಪೀಠ, ರಾಜಶಕ್ತಿ ಮತ್ತು ಜನಮತ

(ಮಠದ ಮಹೋತ್ಸವದ ಅಂಗವಾಗಿ ನಡೆದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ವಿದ್ಯಾದಾನವು ನಡೆಯಬೇಕಾದರೆ ಅನ್ನ ಬೇಕು, ಕಟ್ಟಡ ಬೇಕು, ಗ್ರಂಥಗಳು ಬೇಕು. ಇವಾವುವೂ ಹಣವಿಲ್ಲದೆ ಆಗತಕ್ಕವಲ್ಲ. ಆ ಹಣವು ಮುಖ್ಯವಾಗಿ ಬರತಕ್ಕ ದಾರಿಗಳು ಎರಡು: ಜನರ ದಾನವೊಂದು, ಸರಕಾರದ ಬೊಕ್ಕಸವೊಂದು. ಮೊದಲನೆಯದನ್ನು ಕುರಿತು ಈ ಭಕ್ತಸಮುದಾಯಕ್ಕೆ ಹೇಳಬೇಕಾದುದೇ ಇಲ್ಲ. ಕನ್ನಡನಾಡಿನ ಮಠಗಳ ಪ್ರಸಾದನಿಲಯಗಳು ಜೋಳಿಗೆಗೆ ಬಿದ್ದ ಹಿಡಿ ಧಾನ್ಯದಿಂದ ಬೆಳೆದವುಗಳು. ಆ ಧಾನ್ಯವನ್ನು ನೀಡಿದ ಒಕ್ಕಲುಮಗನು, ತನ್ನ ಜೋಳವನ್ನು ಉಂಡ ಹುಡುಗನು ಯಾವ ಶಾಸ್ತ್ರವನ್ನು ಓದಬೇಕು, ಯಾವ ಪ್ರಶ್ನೆಗೆ ಯಾವ ಉತ್ತರವನ್ನು ಕೊಡಬೇಕು ಎಂದು ಕಟ್ಟುಮಾಡಲಿಲ್ಲ. ಎರಡನೆಯ ದಾರಿಯಲ್ಲಿ ಬಂದ ಹಣಕ್ಕೂ ಇದೇ ಮಾತು ಸಲ್ಲುವುದೇ ಎಂಬುದು ಇಂದಿನ ವಿಚಾರ. ಈ ಪ್ರಶ್ನೆಯು ೨೦೨೫ನೆಯ ಇಸವಿಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಅತ್ಯಂತ ಉಗ್ರವಾಗಿ ಎದ್ದುನಿಂತಿತು. ಕನ್ನಡನಾಡಿನ ಅನೇಕ ಮನೆಗಳ ಮಕ್ಕಳು ಆ ದೇಶದ ವಿದ್ಯಾಶಾಲೆಗಳಲ್ಲಿ ಓದುತ್ತಿರುವುದರಿಂದ, ಅಲ್ಲಿಯ ಕಥೆಯು ಇಲ್ಲಿಯವರಿಗೆ ಪರಕೀಯವಾದುದಲ್ಲ.

ಮೊದಲು ಆ ಸಂಬಂಧವು ಬೆಳೆದುಬಂದ ಬಗೆಯನ್ನು ನೋಡಬೇಕು. ಹಾರ್ವರ್ಡ್ ವಿದ್ಯಾಲಯವು ೧೬೩೬ರಲ್ಲಿ, ಎಂದರೆ ಅಮೆರಿಕಾವು ಸ್ವತಂತ್ರವಾಗುವುದಕ್ಕೆ ೧೪೦ ವರ್ಷಗಳ ಮೊದಲೇ ಸ್ಥಾಪಿತವಾಯಿತು. ಆ ಕಾಲದ ವಿದ್ಯಾಲಯಗಳಿಗೆ ದಾನಿಗಳ ನೆರವೂ ಒಂದು ಆಧಾರವಾಗಿತ್ತು. ೧೮೬೨ರಲ್ಲಿ, ಅಂತರ್ಯುದ್ಧವು ನಡೆಯುತ್ತಿರುವಾಗಲೇ, ಅಧ್ಯಕ್ಷ ಲಿಂಕನ್ನರು ಮಾರಿಲ್ ಶಾಸನಕ್ಕೆ ಅಂಕಿತವನ್ನು ಹಾಕಿದರು. ಒಂದೊಂದು ರಾಜ್ಯಕ್ಕೂ, ಕಾಂಗ್ರೆಸ್ಸಿನಲ್ಲಿ ಅದಕ್ಕಿರುವ ಸದಸ್ಯನೊಬ್ಬನಿಗೆ ೩೦,೦೦೦ ಎಕರೆಯಂತೆ ಭೂಮಿಯನ್ನು ಕೊಟ್ಟು, ಅದನ್ನು ಮಾರಿ ಬಂದ ಹಣದಿಂದ ಬೇಸಾಯವನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳನ್ನು ನಡೆಯಿಸಬೇಕೆಂಬುದು ಅದರ ಆಶಯ. ರೈತನ ಮಗನೂ ಕಾಲೇಜಿನ ಮೆಟ್ಟಿಲನ್ನು ಹತ್ತುವಂತಾದುದು ಆ ಶಾಸನದ ಪುಣ್ಯ. ಆ ಭೂಮಿಯಲ್ಲಿ ಬಹುಭಾಗವು ಅಲ್ಲಿಯ ಮೂಲನಿವಾಸಿಗಳ ಕೈಯಿಂದ ಹೋದದ್ದು ಎಂಬುದು ಅದರ ಪಾಪ.

ಎರಡನೆಯ ಮಹಾಯುದ್ಧದಲ್ಲಿ ರೇಡಾರು, ಪೆನಿಸಿಲಿನ್, ಪರಮಾಣು ಶಕ್ತಿ ಇವುಗಳ ಮೂಲಕ ವಿಜ್ಞಾನದ ಬಲವು ಲೋಕಕ್ಕೆ ತಿಳಿಯಿತು. ೧೯೪೫ರ ಜುಲೈ ತಿಂಗಳಲ್ಲಿ ವನ್ನೆವರ್ ಬುಷ್ ಎಂಬ ಯಂತ್ರಶಾಸ್ತ್ರಜ್ಞರು ಅಧ್ಯಕ್ಷ ಟ್ರೂಮನ್ನರಿಗೆ ಒಂದು ವರದಿಯನ್ನು ಒಪ್ಪಿಸಿದರು. ಶಾಂತಿಕಾಲದಲ್ಲಿಯೂ ಸರಕಾರವು ಮೂಲಸಂಶೋಧನೆಗೆ ಹಣವನ್ನು ಕೊಡಬೇಕು. ಆದರೆ ಏನನ್ನು ಹುಡುಕಬೇಕೆಂಬುದನ್ನು ವಿದ್ವಾಂಸರಿಗೇ ಬಿಡಬೇಕು ಎಂಬುದು ಆ ವರದಿಯ ಸಾರ. ಇದಕ್ಕೆ ಅನುಸಾರವಾಗಿ ಬಂದ ಮಸೂದೆಯನ್ನು ಟ್ರೂಮನ್ನರು ೧೯೪೭ರಲ್ಲಿ ತಳ್ಳಿಹಾಕಿದರು. ಜನರ ಹಣವನ್ನು, ಜನರಿಗಾಗಲಿ ಅಧ್ಯಕ್ಷನಿಗಾಗಲಿ ಉತ್ತರ ಹೇಳಬೇಕಾದ ಹೊಣೆಯಿಲ್ಲದ ಕೆಲವರ ಕೈಗೆ ಕೊಡಲಾಗದು ಎಂಬುದು ಅವರ ಆಕ್ಷೇಪಣೆ. ಈ ಆಕ್ಷೇಪಣೆಯು ನ್ಯಾಯವಾದುದೇ ಸರಿ. ಮೂರು ವರ್ಷಗಳ ಚರ್ಚೆಯಾದ ಬಳಿಕ, ೧೯೫೦ರಲ್ಲಿ, ನಿರ್ದೇಶಕನನ್ನು ಅಧ್ಯಕ್ಷನೇ ನೇಮಿಸತಕ್ಕದ್ದೆಂಬ ಏರ್ಪಾಡಿನೊಡನೆ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಹುಟ್ಟಿತು. ಹಣದ ಮೊತ್ತವನ್ನು ಪ್ರಜಾಪ್ರತಿನಿಧಿಗಳು ಗೊತ್ತುಮಾಡುವುದು, ಯೋಜನೆಗಳ ಯೋಗ್ಯತೆಯನ್ನು ಆಯಾ ಶಾಸ್ತ್ರದ ಪಂಡಿತರು ತೂಗಿನೋಡುವುದು ಎಂಬ ಪದ್ಧತಿಯು ಹೀಗೆ ನೆಲೆಗೊಂಡಿತು.

ಪಂಡಿತರಿಗೆ ಈ ಅಧಿಕಾರವು ಏಕೆ ಬೇಕೆಂಬುದಕ್ಕೆ ಒಂದು ದೃಷ್ಟಾಂತವು ಸಾಕು. ಯೆಲ್ಲೋಸ್ಟೋನ್ ಎಂಬ ಕಾಡುಸೀಮೆಯಲ್ಲಿ ಕುದಿಯುವಷ್ಟು ಬಿಸಿಯಾದ ನೀರಿನ ಬುಗ್ಗೆಗಳಿವೆ. ೧೯೬೬ರಲ್ಲಿ ಥಾಮಸ್ ಬ್ರಾಕ್ ಎಂಬ ಅಧ್ಯಾಪಕರೂ ಅವರ ಶಿಷ್ಯರೊಬ್ಬರೂ ಆ ಬುಗ್ಗೆಯೊಂದರಿಂದ ಬಿಸಿನೀರಿನಲ್ಲಿಯೇ ಬದುಕುವ ಒಂದು ಸೂಕ್ಷ್ಮಜೀವಿಯನ್ನು ಸಂಗ್ರಹಿಸಿದರು. ಬಿಸಿನೀರಿನ ಪಾಚಿಯನ್ನು ಕೆರೆಯುವುದಕ್ಕೆ ತೆರಿಗೆಯ ಹಣವೇಕೆಂದು ಅಂದು ಯಾವನಾದರೂ ಕೇಳಿದ್ದರೆ ಬ್ರಾಕರ ಬಳಿ ಲಾಭದ ಲೆಕ್ಕವೇನೂ ಇರುತ್ತಿರಲಿಲ್ಲ. ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ, ಆ ಜೀವಿಯಿಂದ ದೊರೆತ, ಕಾವಿಗೆ ಕೆಡದ ಕಿಣ್ವದ ಬಲದಿಂದ, ಜೀವಿಗಳ ಆನುವಂಶಿಕ ದ್ರವ್ಯದ ಕಣವೊಂದನ್ನು ಕೋಟಿಪಟ್ಟಾಗಿ ಹೆಚ್ಚಿಸಿ ಪರೀಕ್ಷಿಸುವ ಕ್ರಮವು ಸುಲಭಸಾಧ್ಯವಾಯಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ಊರೂರುಗಳಲ್ಲಿ ಮೂಗಿನ ದ್ರವವನ್ನು ತೆಗೆದು ಸೋಂಕನ್ನು ಕಂಡುಹಿಡಿದ ಪರೀಕ್ಷೆಯ ಕ್ರಮವು ಅದೇ.

ಇನ್ನು ಜನಮತದ ಮಾತು. ಇಂತಹ ಫಲಗಳನ್ನು ಉಂಡ ಜನರೇ ವಿದ್ಯಾಪೀಠಗಳನ್ನು ಕುರಿತು ಬೇಸರಗೊಂಡರೆಂಬುದು ವಿಚಿತ್ರವಾಗಿ ತೋರಬಹುದು; ಆದರೆ ಅದು ನಿಜ. ಗ್ಯಾಲಪ್ ಸಂಸ್ಥೆಯವರ ಜನಮತಗಣನೆಯಲ್ಲಿ, ಉನ್ನತ ವಿದ್ಯಾಸಂಸ್ಥೆಗಳಲ್ಲಿ ಹೆಚ್ಚಿನ ವಿಶ್ವಾಸವುಂಟೆಂದು ೨೦೧೫ರಲ್ಲಿ ನೂರಕ್ಕೆ ೫೭ ಮಂದಿ ಹೇಳಿದ್ದರು. ೨೦೨೩ರಲ್ಲಿ ಹಾಗೆ ಹೇಳಿದವರು ೩೬ ಮಂದಿ ಮಾತ್ರ. ರಿಪಬ್ಲಿಕನ್ ಪಕ್ಷದವರಲ್ಲಂತೂ ೫೬ ಇದ್ದದ್ದು ೧೯ಕ್ಕೆ ಇಳಿಯಿತು. ೨೦೨೫ರಲ್ಲಿ ಒಟ್ಟು ಸಂಖ್ಯೆಯು ೪೨ಕ್ಕೆ ಏರಿತು. ಈ ಅವಿಶ್ವಾಸಕ್ಕೆ ಕಾರಣಗಳನ್ನು ಕೇಳಿದಾಗ ಜನರು ಮುಖ್ಯವಾಗಿ ಮೂರನ್ನು ಹೇಳಿದರು. ಅಲ್ಲಿ ಒಂದೇ ಬಗೆಯ ರಾಜಕೀಯ ಮತವನ್ನು ಬೋಧಿಸುತ್ತಾರೆಂಬುದೊಂದು; ಕಲಿತ ವಿದ್ಯೆಯು ಬಾಳಿಗೆ ಒದಗುವುದಿಲ್ಲವೆಂಬುದೊಂದು; ವಿಪರೀತವಾದ ಶುಲ್ಕವೊಂದು. ಸಾಲವನ್ನು ಮಾಡಿ ಮಗನನ್ನು ಓದಿಸಿ, ಆ ಸಾಲವು ತೀರುವ ಮೊದಲೇ ಮುದುಕನಾದ ತಂದೆಯ ದೂರನ್ನು ಅಜ್ಞಾನವೆಂದು ತಳ್ಳಿಬಿಡುವುದು ವಿದ್ವಾಂಸರಿಗೆ ತಕ್ಕುದಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಅದೇ ಜನರನ್ನು ವಿಜ್ಞಾನಿಗಳ ವಿಷಯದಲ್ಲಿ ಕೇಳಿದರೆ ಉತ್ತರವು ಬೇರೆಯಾಗುವುದು. ಪ್ಯೂ ಸಂಸ್ಥೆಯವರ ಗಣನೆಯಂತೆ, ವಿಜ್ಞಾನಿಗಳು ಲೋಕಹಿತಕ್ಕಾಗಿ ನಡೆದುಕೊಳ್ಳುವರೆಂದು ೨೦೨೦ರ ಏಪ್ರಿಲಿನಲ್ಲಿ ನೂರಕ್ಕೆ ೮೭ ಮಂದಿ ನಂಬಿದ್ದರು. ೨೦೨೩ರಲ್ಲಿ ಅದು ೭೩ಕ್ಕೆ ಇಳಿದು, ೨೦೨೪ರ ಅಕ್ಟೋಬರಿನಲ್ಲಿ ೭೬ಕ್ಕೆ ಬಂದಿತು. ಎಂದರೆ, ಜನರು ಮುನಿದುಕೊಂಡದ್ದು ಬಹುಮಟ್ಟಿಗೆ ಮನೆಯ ನಡವಳಿಕೆಯ ಮೇಲೆ. ಆ ಮನೆಯಲ್ಲಿ ಉರಿಯುವ ದೀಪದ ಮೇಲೆ ಅಷ್ಟಾಗಿ ಅಲ್ಲ. ಆದರೆ ಆಳುವವರು ಕೈಯೆತ್ತಿದಾಗ ಪೆಟ್ಟು ತಗಲಿದ್ದು ದೀಪಕ್ಕೆ.

೨೦೨೫ರ ಫೆಬ್ರವರಿಯಲ್ಲಿ ಆ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಒಂದು ಆಜ್ಞೆಯನ್ನು ಹೊರಡಿಸಿದವು. ಸಂಶೋಧನೆಯ ಹಣದಲ್ಲಿ ಎರಡು ಭಾಗಗಳುಂಟು. ಸಂಶೋಧಕರ ಸಂಬಳ, ಔಷಧದ್ರವ್ಯ, ಉಪಕರಣ ಇವು ನೇರವಾದ ವೆಚ್ಚ; ಕಟ್ಟಡ, ವಿದ್ಯುತ್ತು, ಕಚೇರಿ, ರಕ್ಷಣೆ ಇವು ಪರೋಕ್ಷವಾದ ವೆಚ್ಚ. ಈ ಎರಡನೆಯದಕ್ಕೆ ಕೆಲವು ವಿದ್ಯಾಪೀಠಗಳು ನೇರವೆಚ್ಚದ ಮೇಲೆ ನೂರಕ್ಕೆ ೬೦ಕ್ಕಿಂತಲೂ ಹೆಚ್ಚಾಗಿ ಪಡೆಯುತ್ತಿದ್ದವು. ಇನ್ನು ಮುಂದೆ ೧೫ಕ್ಕಿಂತ ಹೆಚ್ಚು ಕೊಡಲಾಗದೆಂಬುದೇ ಆ ಆಜ್ಞೆ. ಏಪ್ರಿಲಿನಲ್ಲಿ ನ್ಯಾಯಾಲಯವು ಅದನ್ನು ತಡೆಯಿತು. ಮಾರ್ಚಿಯಲ್ಲಿ, ಗಾಜಾ ಯುದ್ಧವನ್ನು ಕುರಿತ ಪ್ರತಿಭಟನೆಗಳ ಕಾಲದಲ್ಲಿ ಯೆಹೂದ್ಯ ವಿದ್ಯಾರ್ಥಿಗಳಿಗೆ ತಕ್ಕ ರಕ್ಷಣೆಯನ್ನು ಕೊಡಲಿಲ್ಲವೆಂದು ಆಪಾದಿಸಿ, ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸಲ್ಲಬೇಕಾದ ಸುಮಾರು ೪೦ ಕೋಟಿ ಡಾಲರುಗಳನ್ನು ಸರಕಾರವು ರದ್ದುಮಾಡಿತು. ಜುಲೈಯಲ್ಲಿ ಆ ವಿದ್ಯಾಪೀಠವು ತಪ್ಪನ್ನು ಒಪ್ಪದೆಯೇ ಮೂರು ವರ್ಷಗಳಲ್ಲಿ ೨೦ ಕೋಟಿ ಡಾಲರು ತೆರುವುದಾಗಿ ರಾಜಿಮಾಡಿಕೊಂಡಿತು. ಹಾರ್ವರ್ಡಿಗೆ ಬಂದ ಪತ್ರದಲ್ಲಿ ಪ್ರವೇಶ, ಅಧ್ಯಾಪಕರ ನೇಮಕ, ಒಳಾಡಳಿತ ಇವೆಲ್ಲವನ್ನೂ ಸರಕಾರದ ಇಷ್ಟದಂತೆ ಬದಲಿಸತಕ್ಕದ್ದೆಂಬ ಕಟ್ಟಳೆಗಳಿದ್ದವು. ಏಪ್ರಿಲ್ ೧೪ರಂದು ಅದು ಒಲ್ಲೆನೆಂದಿತು. ಅದೇ ದಿನ ೨೨೦ ಕೋಟಿ ಡಾಲರುಗಳು ತಡೆಹಿಡಿಯಲ್ಪಟ್ಟವು. ಸೆಪ್ಟೆಂಬರ್ ೩ರಂದು ನ್ಯಾಯಾಧೀಶರು ಈ ತಡೆಯು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಪಿತ್ತರು. ಸರಕಾರವು ಅದನ್ನು ಒಪ್ಪದೆ ಮೇಲಣ ನ್ಯಾಯಾಲಯಕ್ಕೆ ಹೋಯಿತು.

ಇಲ್ಲಿ ವಿಚಾರಮಾಡಬೇಕಾದುದೇನೆಂದರೆ, ವಿದ್ಯಾರ್ಥಿಗಳ ರಕ್ಷಣೆಯ ವಿಷಯವಾಗಿ ದೂರು ಬಂದರೆ ವಿಚಾರಣೆಯನ್ನು ನಡೆಯಿಸುವುದು ಸರಕಾರದ ಧರ್ಮವೇ ಹೌದು. ಆದರೆ ಒಂದು ಶಾಖೆಯ ದೂರಿಗಾಗಿ ಮತ್ತೊಂದು ಶಾಖೆಯಲ್ಲಿ ಕ್ಷಯ, ಅರ್ಬುದ ಮೊದಲಾದ ರೋಗಗಳನ್ನು ಕುರಿತು ನಡೆಯುವ ಕೆಲಸವನ್ನು ನಿಲ್ಲಿಸಿದರೆ, ಶಿಕ್ಷೆಯಾಗುವುದು ಯಾರಿಗೆ? ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಬೆಳೆಯಿಸಿದ ಜೀವಕೋಶಗಳು ರಾಜಿಯಾಗುವ ತನಕ ಕಾದುಕೊಂಡಿರುವುದಿಲ್ಲ. ಹೊಸ ಔಷಧವನ್ನು ನಂಬಿ ಬಂದ ರೋಗಿಯೂ ಕಾಯಲಾರನು. ಅಮೆರಿಕೆಯ ಜನರಿಗೂ ಇದು ಹಿತವಾಗಿ ತೋರಲಿಲ್ಲ. ೨೦೨೫ರ ಮೇ ತಿಂಗಳ ಒಂದು ಗಣನೆಯಲ್ಲಿ ನೂರಕ್ಕೆ ೫೬ ಮಂದಿ, ವಿದ್ಯಾಪೀಠಗಳ ವಿಷಯದಲ್ಲಿ ಅಧ್ಯಕ್ಷರು ಹಿಡಿದ ದಾರಿಯು ಸರಿಯಲ್ಲವೆಂದರು. ವಿದ್ಯಾಪೀಠಗಳಲ್ಲಿ ಪೂರ್ಣವಿಶ್ವಾಸವಿಲ್ಲದವರು ಕೂಡ ಅವುಗಳ ಕುತ್ತಿಗೆಯನ್ನು ಹಿಸುಕಬೇಕೆಂದು ಬಯಸಿದವರಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದೆಂಬುದನ್ನು ಸಾಮಾನ್ಯಜನರು ಬಲ್ಲರು.

ಮೂಗು ಕೊಯ್ದುಕೊಂಡ ದೇಶಗಳ ಕಥೆಯು ಇತಿಹಾಸದಲ್ಲಿದೆ. ರಷ್ಯಾದಲ್ಲಿ ನಿಕೊಲಾಯ್ ವಾವಿಲೊವ್ ಎಂಬ ಮಹಾಶಯರು ಲೋಕವನ್ನೆಲ್ಲ ಸುತ್ತಿ, ಧಾನ್ಯಗಳ ಬೀಜಗಳನ್ನು ಕೂಡಿಹಾಕಿ, ಬರಗಾಲವನ್ನು ಗೆಲ್ಲುವ ತಳಿಗಳನ್ನು ಹುಡುಕುತ್ತಿದ್ದರು. ಲೈಸೆಂಕೊ ಎಂಬಾತನು ಆನುವಂಶಿಕ ಶಾಸ್ತ್ರವೇ ಸುಳ್ಳೆಂದು ಸಾರಿ, ಆಳುವವರಿಗೆ ರುಚಿಸುವಂತೆ ಶೀಘ್ರಫಲವನ್ನು ವಾಗ್ದಾನಮಾಡಿದನು. ೧೯೪೦ರಲ್ಲಿ ವಾವಿಲೊವರು ಬಂಧಿತರಾದರು. ಜನರ ಹಸಿವನ್ನು ನೀಗಲು ಬಾಳನ್ನೇ ಮುಡಿಪಿಟ್ಟ ಆತನು ೧೯೪೩ರಲ್ಲಿ ಸರಾತೊವ್ ಸೆರೆಮನೆಯಲ್ಲಿ ಹಸಿವಿನಿಂದ ಮಡಿದನು. ೧೯೪೮ರಲ್ಲಿ ಆ ಶಾಸ್ತ್ರದ ಬೋಧನೆಯೇ ನಿಷಿದ್ಧವಾಯಿತು. ೧೯೬೫ರ ತನಕ ಲೈಸೆಂಕೊವಿನ ಅಧಿಕಾರವು ಉಳಿಯಿತು. ಸರಕಾರದ ಆಜ್ಞೆಗೆ ಪಂಡಿತರು ತಲೆಬಾಗಿದರು. ಗೋಧಿಯ ತೆನೆಯು ಮಾತ್ರ ತಲೆಬಾಗಲಿಲ್ಲ.

ಜರ್ಮನಿಯ ಕಥೆಯು ಕನ್ನಡನಾಡಿನವರೆಗೂ ಬಂದುಮುಟ್ಟುವುದು. ೧೯೩೩ರ ಏಪ್ರಿಲ್ ೭ರಂದು ಅಲ್ಲಿ ಹೊರಟ ಒಂದು ಶಾಸನದಿಂದ ಯೆಹೂದ್ಯರಾದ ಅಧ್ಯಾಪಕರು ಪದಚ್ಯುತರಾಗತೊಡಗಿದರು. ಗಣಿತಕ್ಕೂ ಭೌತಶಾಸ್ತ್ರಕ್ಕೂ ಕಾಶಿಯಂತಿದ್ದ ಗ್ಯೋಟಿಂಗೆನ್ ವಿದ್ಯಾಪೀಠವು ಕೆಲವೇ ತಿಂಗಳುಗಳಲ್ಲಿ ಬರಿದಾಯಿತು. ಅಲ್ಲಿಂದ ಹೊರಬಿದ್ದವರಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಅವರನ್ನು ಕರೆಯಿಸಿಕೊಂಡರು. ೧೯೩೫-೩೬ರ ಚಳಿಗಾಲದಲ್ಲಿ ಬಾರ್ನರು ಬೆಂಗಳೂರಿನಲ್ಲಿ ನಿಂತು ಪಾಠ ಹೇಳಿದರು. ಅವರನ್ನು ಸ್ಥಿರವಾಗಿ ಉಳಿಸಿಕೊಳ್ಳಲು ರಾಮನ್ನರು ಮಾಡಿದ ಪ್ರಯತ್ನವು ಸಫಲವಾಗಲಿಲ್ಲ. ಬಾರ್ನರು ಎಡಿನ್‌ಬರೋ ನಗರಕ್ಕೆ ಹೋದರು; ೧೯೫೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಿಕವು ದೊರೆಯಿತು. ಒಂದು ದೇಶವು ಹೊರದೂಡಿದ ವಿದ್ಯೆಗೆ ಮತ್ತೊಂದು ದೇಶವು ಬಾಗಿಲು ತೆರೆಯುತ್ತದೆ. ಬಾಗಿಲನ್ನು ಪೂರ್ತಿ ತೆರೆಯದಿದ್ದರೆ ಅದು ಮುಂದಿನ ಮನೆಗೆ ಹೋಗುತ್ತದೆ.

ಬಾರ್ನರು ಪಾಠ ಹೇಳಿದ ಆ ಮಂದಿರದ ನೆಲವನ್ನೂ ನೆನೆಯಬೇಕು. ೧೯೦೭ರಲ್ಲಿ ಮೈಸೂರು ಸಂಸ್ಥಾನವು ಅದಕ್ಕಾಗಿ ೩೭೧ ಎಕರೆ ಭೂಮಿಯನ್ನು ಕೊಟ್ಟಿತು; ಜಮಶೇಟ್‌ಜಿ ಟಾಟಾ ಅವರ ದಾನವು ಜೊತೆಗೂಡಿ ೧೯೦೯ರಲ್ಲಿ ಮಂದಿರವು ಸ್ಥಾಪಿತವಾಯಿತು. ೧೯೧೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದರು. ಅದೇ ವರ್ಷ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ರಾಜನ ಕೊಡುಗೆ, ವರ್ತಕನ ಕೊಡುಗೆ, ಬಡ ಉಪಾಧ್ಯಾಯರ ದುಡಿಮೆ ಈ ಮೂರೂ ಕನ್ನಡನಾಡಿನ ವಿದ್ಯೆಗೆ ಆಧಾರವಾದವು.

ಹಾಗಾದರೆ ಕರ್ತವ್ಯವೇನು? ವಿದ್ವಾಂಸರು ತಮ್ಮ ಕೆಲಸವನ್ನು ಜನರಿಗೆ ತಿಳಿಯುವ ಮಾತಿನಲ್ಲಿ ಜನರ ಮುಂದಿಡಬೇಕು. ಹಣದ ಲೆಕ್ಕವನ್ನು ಕೇಳುವ ಮೊದಲೇ ಒಪ್ಪಿಸಬೇಕು. ತಮಗೆ ಒಗ್ಗದ ಅಭಿಪ್ರಾಯಕ್ಕೂ ತಮ್ಮ ಸಭೆಯಲ್ಲಿ ಆಸನವನ್ನು ಕೊಡಬೇಕು. ಇದನ್ನು ಮಾಡದ ವಿದ್ಯಾಪೀಠಕ್ಕೆ ಕಷ್ಟ ಬಂದಾಗ ಜೊತೆಗೆ ನಿಲ್ಲುವವರು ಯಾರೂ ಇರುವುದಿಲ್ಲ. ಆಳುವವರು ಲೆಕ್ಕವನ್ನು ಕೇಳಬೇಕು, ಅನ್ಯಾಯವಾದರೆ ನ್ಯಾಯಕ್ರಮದಿಂದ ದಂಡಿಸಬೇಕು. ಸಂಶೋಧನೆಯ ಉತ್ತರವನ್ನು ಮಾತ್ರ ಮುಂದಾಗಿ ಗೊತ್ತುಮಾಡಬಾರದು. ಜನರಾದರೋ ಶುಲ್ಕವು ಹೆಚ್ಚಾಯಿತೆಂದು, ಬಡವನಿಗೆ ಬಾಗಿಲು ಮುಚ್ಚಿತೆಂದು ಧೈರ್ಯವಾಗಿ ಹೇಳಬೇಕು. ಆದರೆ ಆ ಕೋಪವನ್ನು ಪಕ್ಷದವರ ಕೈಗೆ ಕೊಡಲಿಯಾಗಿ ಕೊಡಬಾರದು.

ವಿದ್ಯಾಪೀಠಕ್ಕೆ ನಿಜವಾದ ಮೂಲಧನವು ಜನರ ವಿಶ್ವಾಸವೇ. ಅದಿದ್ದರೆ ಸರಕಾರದ ಕೈಯು ಒರಟಾದಾಗಲೂ ವಿದ್ಯೆಯು ಉಳಿಯುವುದು. ಅದಿಲ್ಲದಿದ್ದರೆ ಕೋಟಿ ಡಾಲರುಗಳ ಭಂಡಾರವೂ ಕಾಯಲಾರದು. ಆ ವಿಶ್ವಾಸವನ್ನು ಹಿಡಿ ಧಾನ್ಯದ ರೂಪದಲ್ಲಿ ಕೊಟ್ಟು ಬೆಳೆಯಿಸಿದ ಸದ್ಭಕ್ತರು, ತಮ್ಮ ಮಕ್ಕಳು ಓದುವ ಶಾಲೆ ಕಾಲೇಜುಗಳನ್ನು ಕುರಿತೂ ಅದೇ ಎಚ್ಚರವನ್ನೂ ಅದೇ ಔದಾರ್ಯವನ್ನೂ ತೋರುವಂತಾಗಲಿ.