ವಕೀಲರೇ ಕೈದಿಯಾದಾಗ

ಜೈಲಿಗೆ ಹಾಕಿಸ್ತೀನಿ ಅಂತ ಯಾರಾದರೂ ಸಿಟ್ಟಿನಲ್ಲಿ ಅಂದರೆ ಬಳ್ಳಾರಿಯ ನಮ್ಮ ಗಾಂಧಿನಗರದವರಿಗೆ ಅದು ದೂರದ ಮಾತಲ್ಲ, ಸೆಂಟ್ರಲ್ ಜೈಲು ಊರಲ್ಲೇ ಇದೆ. ತುರ್ತುಪರಿಸ್ಥಿತಿಯಲ್ಲಿ ಯಡಿಯೂರಪ್ಪನವರಂಥವರು ಅಲ್ಲೂ ಇದ್ದರು.

1977ರಲ್ಲಿ ಪಾಕಿಸ್ತಾನಕ್ಕೆ ಜಿಯಾ ಉಲ್ ಹಕ್ ಸೇನಾಡಳಿತ ತಂದರು. ನಮ್ಮಲ್ಲಿ 1975ರ ಜೂನ್ 25ರ ರಾತ್ರಿ ಬಂದ ತುರ್ತುಪರಿಸ್ಥಿತಿ ಸೇನಾಡಳಿತವಲ್ಲ. ಬೂಟಿನ ಸದ್ದೇ ಇಲ್ಲ, ರಾಷ್ಟ್ರಪತಿಗಳ ಸಹಿಯಷ್ಟೇ ಸಾಕಾಯಿತು.

ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಮರುದಿನವೇ ಬಂಧನಕ್ಕೊಳಗಾದರು. ಅವರ ಪರವಾಗಿ ಹೈಕೋರ್ಟಿನಲ್ಲಿ ಓಡಾಡಿದ ವಕೀಲರು ತೀರ್ಥಹಳ್ಳಿ ಕಡೆಯ ಆರಗದ ಎಂ. ರಾಮಾ ಜೋಯಿಸ್. ಅರ್ಜಿಯ ಹೆಸರು ಹೇಬಿಯಸ್ ಕಾರ್ಪಸ್. ಹಿಡಿದವರನ್ನು ನಮ್ಮ ಮುಂದೆ ನಿಲ್ಲಿಸಿ, ಯಾಕೆ ಹಿಡಿದಿರಿ ಹೇಳಿ ಅಂತ ಕೋರ್ಟು ಸರ್ಕಾರವನ್ನು ಕೇಳುವುದು, ಇಷ್ಟೇ. ತುಡುಗು ದನವನ್ನು ದೊಡ್ಡಿಗೆ ಹಾಕಿದರೂ ದಂಡ ಕಟ್ಟಿ ಬಿಡಿಸಿಕೊಂಡು ಬರಬಹುದು. ಮೀಸಾ ಎಂಬ ಆಂತರಿಕ ಭದ್ರತಾ ಕಾಯ್ದೆಯಡಿ ಹಿಡಿದ ಕೈದಿಗೆ ಕಾರಣವನ್ನೂ ಹೇಳಬೇಕಿರಲಿಲ್ಲ.

ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಸಿ. ಛಾಗ್ಲಾ ವಾದಿಸಲು ಬೆಂಗಳೂರಿಗೆ ಬಂದರು. ಅಷ್ಟರ ಮೇಲೆ ಸರ್ಕಾರ ರಾಮಾ ಜೋಯಿಸರನ್ನೂ ಹಿಡಿಯಿತು. ಕಕ್ಷಿದಾರರಿದ್ದ ಜೈಲಿಗೇ ವಕೀಲರೂ ಹೋದರು!

ಜೋಯಿಸರು ಆರೆಸ್ಸೆಸ್ ಕಡೆಯವರು. ಅವರ ರಾಜಕೀಯವನ್ನು ಒಪ್ಪದವರಿದ್ದಾರೆ, ನನಗೂ ಎಲ್ಲವೂ ಒಪ್ಪಿಗೆಯಲ್ಲ. ಆದರೆ ಅರ್ಜಿದಾರರಲ್ಲಿ ದಂಡವತೆ ಸಮಾಜವಾದಿ, ಮಿಶ್ರಾ ಸಂಸ್ಥಾ ಕಾಂಗ್ರೆಸ್ಸಿನವರು. ಕೇಳಿದ ಪ್ರಶ್ನೆ ಎಲ್ಲರದೂ ಆಗಿತ್ತು.

ಇಂಥ ಅರ್ಜಿ ನಡೆಯುತ್ತದೆ ಎಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ದ್ವೇಷದಿಂದ ಕೊಂದೇಬಿಟ್ಟರೆ ಏನು ಗತಿ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತುಪರಿಸ್ಥಿತಿ ಇರುವವರೆಗೆ ಕೋರ್ಟಿನಲ್ಲಿ ಪರಿಹಾರವಿಲ್ಲ ಎಂದರು ಅಟಾರ್ನಿ ಜನರಲ್ ನಿರೇನ್ ಡೇ. 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಪರ ತೀರ್ಪಿತ್ತರು, ಖನ್ನಾ ಒಬ್ಬರೇ ಬೇರೆ ಬರೆದರು. ಮುಖ್ಯ ನ್ಯಾಯಮೂರ್ತಿ ಪದವಿ ಅವರ ಕೈತಪ್ಪಿತು.

ತುರ್ತುಪರಿಸ್ಥಿತಿ ಮುಗಿದ 1977ರಲ್ಲೇ ಜೋಯಿಸರು ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಮುಂದೆ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಜಾರ್ಖಂಡ್, ಬಿಹಾರಗಳ ರಾಜ್ಯಪಾಲ, ರಾಜ್ಯಸಭೆಯ ಸದಸ್ಯ. ತೀರಿಕೊಂಡದ್ದು 2021ರ ಫೆಬ್ರುವರಿಯಲ್ಲಿ. ಅಷ್ಟರೊಳಗೆ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟು ಆ ಹಳೆಯ ತೀರ್ಪನ್ನು ತಾನೇ ತಳ್ಳಿಹಾಕಿತು. ಈ ಹೊಸ ತೀರ್ಪಿಗೆ ಕಾರಣವಾದ ದಾವೆಯನ್ನು ಆಧಾರ್ ವಿಚಾರವಾಗಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು.