ನೀಲಿ ದೀಪದ ಮರ್ಯಾದೆ
(ಶಾಲಾ ವಾರ್ಷಿಕೋತ್ಸವದ ಭಾಷಣ)



ಪರೋಪಕಾರಕ್ಕೆಂದು ಹೊರಟವನಿಗೆ ದಾರಿಯ ನಿಯಮಗಳು ಸಡಿಲವಾಗಬೇಕೆ? ಈ ಒಂದು ಪ್ರಶ್ನೆಯನ್ನು ತಮ್ಮ ಮುಂದಿಟ್ಟು, ಅಮೆರಿಕ ದೇಶದವರು ಅದಕ್ಕೆ ಕಂಡುಕೊಂಡ ಉತ್ತರವನ್ನು ಅರಿಕೆ ಮಾಡಬೇಕೆಂದಿದ್ದೇವೆ.

ಆ ದೇಶದಲ್ಲಿ ಬೆಂಕಿಯನ್ನು ಆರಿಸುವವರ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಸ್ವಯಂಸೇವಕರು. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಫಿಲಡೆಲ್ಫಿಯಾ ನಗರದಲ್ಲಿ ನೆರೆಹೊರೆಯವರನ್ನು ಕೂಡಿಸಿ ಇಂತಹದೊಂದು ಸಂಘವನ್ನು ಕಟ್ಟಿದನು. ಇಂದಿಗೂ ಹಳ್ಳಿಗಳಲ್ಲಿ ರೈತರು, ಅಂಗಡಿಕಾರರು, ಉಪಾಧ್ಯಾಯರು ಈ ಸೇವೆಯಲ್ಲಿದ್ದಾರೆ. ಕರೆ ಬಂದೊಡನೆ ಅವರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು, ಸ್ವಂತ ಕಾರಿನಲ್ಲಿ ಠಾಣೆಗೋ ಬೆಂಕಿ ಬಿದ್ದ ಮನೆಗೋ ಧಾವಿಸಬೇಕು. ಆದರೆ ನೋಡುವವರಿಗೆ ಆ ಕಾರು ಇತರ ಕಾರುಗಳಂತೆಯೇ ಕಾಣುವುದಷ್ಟೆ! ಆದುದರಿಂದ ಗುರುತಿಗೆ ಒಂದು ದೀಪವು ಬೇಕಾಯಿತು.

ನ್ಯೂಯಾರ್ಕ್ ಸಂಸ್ಥಾನದ ಕಾನೂನನ್ನು ನೋಡೋಣ. ಅಲ್ಲಿ ಸ್ವಯಂಸೇವಕನು ತನ್ನ ಕಾರಿಗೆ ಒಂದು ನೀಲಿ ದೀಪವನ್ನು ಇರಿಸಿಕೊಳ್ಳಬಹುದು. ಅದಕ್ಕೆ ದಳದ ಮುಖ್ಯಸ್ಥನ ಲಿಖಿತ ಅಪ್ಪಣೆ ಬೇಕು. ಕೊಟ್ಟ ಅಪ್ಪಣೆಯನ್ನು ಮುಖ್ಯಸ್ಥನು ಹಿಂದಕ್ಕೆ ಪಡೆಯಲೂಬಹುದು. ತುರ್ತು ಕಾರ್ಯದಲ್ಲಿರುವಾಗ ಮಾತ್ರ ಅದನ್ನು ಬೆಳಗಿಸತಕ್ಕದ್ದು. ಆಂಬುಲೆನ್ಸ್ ಸೇವೆಯ ಸ್ವಯಂಸೇವಕರಿಗೆ ಹಸುರು ದೀಪ. ಫ್ಲಾರಿಡಾದಲ್ಲಾದರೋ ನೀಲಿಯು ಪೋಲೀಸರಿಗೆ ಮೀಸಲು. ಬೆಂಕಿ ಆರಿಸುವ ಸ್ವಯಂಸೇವಕನಿಗೆ ಕೆಂಪು. ಒಂದು ಗೆರೆಯನ್ನು ದಾಟಿದರೆ ಬಸ್ಸಿನ ಬಣ್ಣವೂ ಫಲಕದ ಲಿಪಿಯೂ ಬದಲಾಗುವುದನ್ನು ಕಾಣುವ ಗಡಿನಾಡಿನವರಾದ ನಮಗೆ ಇದು ಅಚ್ಚರಿಯಲ್ಲ.

ಇನ್ನು ಮುಖ್ಯ ವಿಷಯ. ನ್ಯೂಯಾರ್ಕಿನ ಈ ನೀಲಿ ದೀಪವು ಕೇವಲ ಸೌಜನ್ಯದ ದೀಪ. ಅದನ್ನು ಕಂಡ ಇತರರು ಪಕ್ಕಕ್ಕೆ ಸರಿದು ದಾರಿ ಬಿಟ್ಟರೆ ಅದು ಅವರ ಒಳ್ಳೆಯತನ, ಬಿಡಲೇಬೇಕೆಂಬ ಕಟ್ಟಳೆಯಿಲ್ಲ. ದೀಪ ಹೊತ್ತವನು ವೇಗದ ಮಿತಿಯನ್ನು ಮೀರುವಂತಿಲ್ಲ. ಕೆಂಪು ಸಂಕೇತದ ಮುಂದೆ ನಿಲ್ಲಲೇಬೇಕು. ಬೆಂಕಿ ಆರಿಸುವ ದೊಡ್ಡ ಬಂಡಿಗಿರುವ ವಿನಾಯಿತಿಗಳು ಅವನ ಕಾರಿಗಿಲ್ಲ.

ಉರಿಯುವ ಮನೆಯ ಮುಂದೆ ಇದು ಎಂತಹ ಕಠಿಣ ನಿಯಮವೆಂದು ಕೆಲವರಿಗೆ ತೋರಬಹುದು. ಆದರೆ ಅಮೆರಿಕದಲ್ಲಿ ಕರ್ತವ್ಯನಿರತರಾಗಿ ಮಡಿಯುವ ಅಗ್ನಿಶಾಮಕರ ಮರಣಕ್ಕೆ ವಾಹನಾಪಘಾತವು ಬಹುಕಾಲದಿಂದ ಪ್ರಮುಖ ಕಾರಣಗಳಲ್ಲೊಂದಾಗಿದೆ. ಸ್ವಂತ ಕಾರಿನಲ್ಲಿ ಧಾವಿಸುತ್ತಲೇ ಅಸುನೀಗಿದ ಸ್ವಯಂಸೇವಕರೂ ಅವರಲ್ಲಿದ್ದಾರೆ. ದಾರಿಯಲ್ಲಿ ಬಿದ್ದವನು ಯಾರ ಮನೆಯ ಬೆಂಕಿಯನ್ನು ಆರಿಸಬಲ್ಲನು? ಅವನನ್ನು ಎತ್ತಲು ಇನ್ನೂ ನಾಲ್ವರು ಬೇಕಾಗುವರು. ಅಡ್ಡ ಸಿಕ್ಕ ದಾರಿಹೋಕನ ಪ್ರಾಣವಂತೂ ಮರಳಿ ಬಾರದು. ಸುಕ್ಷೇಮವಾಗಿ ತಲುಪುವುದೇ ಸೇವೆಯ ಮೊದಲ ಮೆಟ್ಟಿಲು.

ನಮ್ಮ ದೇಶದಲ್ಲಿಯೂ ದೀಪದ ಮಾತು ಬಂದಿದೆ. ಗಣ್ಯರ ಕಾರುಗಳ ಮೇಲೆ ಮೆರೆಯುತ್ತಿದ್ದ ಕೆಂಪು ದೀಪಗಳನ್ನು 2017ನೆಯ ಇಸವಿಯ ಮೇ 1ರಿಂದ ತೆಗೆದುಹಾಕಲಾಯಿತು. ದೀಪವು ಪದವಿಯ ಅಲಂಕಾರವಲ್ಲ, ಆಪತ್ತಿನ ಗುರುತು ಎಂಬುದು ಹೀಗೆ ಸ್ಥಿರಪಟ್ಟಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ಅಗ್ನಿಶಾಮಕ ವಾಹನಕ್ಕೂ ಆಂಬುಲೆನ್ಸಿಗೂ ದಾರಿ ಬಿಡದವರಿಗೆ ಆರು ತಿಂಗಳವರೆಗಿನ ಸೆರೆಮನೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಲ್ಪಡಬಹುದು.

ಮಕ್ಕಳೆ, ದಂಡದ ಭಯದಿಂದ ದಾರಿ ಬಿಡುವುದು ಒಂದು ರೀತಿ. ಆ ಬಂಡಿಯು ಹೋಗುತ್ತಿರುವುದು ನಮ್ಮಂತಹವರೊಬ್ಬರ ಮನೆಗೆ ಎಂದು ತಿಳಿದು ಬಿಡುವುದು ಇನ್ನೊಂದು ರೀತಿ. ಎರಡನೆಯದನ್ನು ನೀವು ಕಲಿಯಿರಿ. ಪಾಲಕರೂ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ವಾಹನ ನಡೆಸುವಾಗ, ಅದನ್ನು ಮಾಡಿ ತೋರಿಸಲಿ. ನಾಳೆ ನೀವೇ ಸೇವೆಗೆಂದು ಹೊರಟಾಗ, ನಿಮ್ಮ ದೀಪವು ಬೇಡಿಕೆಯೇ ಹೊರತು ಅಪ್ಪಣೆಯಲ್ಲವೆಂಬುದು ನೆನಪಿರಲಿ.