ಗಾಜಿನ ತೊಟ್ಟಿಯ ಮೀನು



ಮುಂಬಯಿಯ ಒಂದು ಹೋಟೆಲಿನಲ್ಲಿ ನಾನು ಕಪ್ಪು-ಬಸಿ ತೊಳೆಯುತ್ತಿದ್ದಾಗ ಗಲ್ಲಾಪೆಟ್ಟಿಗೆಯ ಪಕ್ಕದ ಮೀನಿನ ತೊಟ್ಟಿಯೂ ನನ್ನ ಪಾಲಿಗೆ ಬಂದಿತ್ತು. ಮೂರು ಗೋಲ್ಡ್‌ಫಿಶ್ ಸತ್ತವು. ಅವುಗಳ ಬೆಲೆಯನ್ನು ನನ್ನ ಪಗಾರದಲ್ಲಿ ಹಿಡಿದರು. ಅದು ರೋಗವೆಂದು ಹೇಳುವ ತಿಳಿವಳಿಕೆ ನನಗಿರಲಿಲ್ಲ. ಆಮೇಲೆ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಮೈಮೇಲೆ, ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳೆದ್ದು, ಮೀನು ಕಲ್ಲಿಗೆ ಮೈ ಉಜ್ಜಿದರೆ ಅದು ಬಿಳಿಚುಕ್ಕೆ ರೋಗ. ತೀರ ಸಣ್ಣ ಪರೋಪಜೀವಿಯಿಂದ ಬರುವಂಥದು. ಹೆಚ್ಚಾಗಿ ಹೊಸ ಮೀನಿನೊಡನೆ ಬರುತ್ತದೆ. ಗೋಲ್ಡ್‌ಫಿಶ್ ತೊಟ್ಟಿಗೆ ಲೀಟರಿಗೆ 2 ಗ್ರಾಂನಂತೆ ಬರಿಯ ಉಪ್ಪನ್ನು ಕರಗಿಸಿ, 2 ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹಾಕಿರಿ. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬೇಡಿರಿ. ಮೈಯಿಂದ ಉದುರಿದ ಜೀವಿ ತಳದಲ್ಲಿ ಒಡೆದು ನೂರಾರು ಮರಿಯಾಗುತ್ತದೆ. ಈಜುವ ಆ ಮರಿಗಳಿಗೇ ಮದ್ದು ತಗಲುವುದು. ಆದ್ದರಿಂದ ಇನ್ನೊಂದು ವಾರ ಉಪ್ಪಿರಲಿ.

ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ನೀರನ್ನು ಸಂಶಯಿಸಿರಿ. ಕಾಲುಭಾಗ ನೀರು ಬದಲಿಸಿರಿ, ಉಳಿದ ತಿಂಡಿ ತೆಗೆಯಿರಿ. ನಲ್ಲಿಯ ನೀರಿಗೆ ಕ್ಲೋರಿನ್ ತೆಗೆಯುವ ಮದ್ದು ಬೆರೆಸಿಯೇ ತುಂಬಿರಿ.

ರೋಗ ಗುರುತಿಸಬಲ್ಲವನು ಮಾಲೀಕರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಸತ್ತ ಮೀನಿಗೆ ಹುಡುಗನ ಪಗಾರ ಕಡಿದರೆ, ಸುಮ್ಮನಿರಬೇಡಿರಿ. ಸಂಘಕ್ಕೆ ಬಂದು ತಿಳಿಸಿರಿ.